ಮಾವನ ಕ್ಯಾಪ್ಸೂಲು

ಬೇಕರಿಯ ಮುಂದೆ ಗಿರಾಕಿಗಳು ನಿಂತಿದ್ದ ಹೊತ್ತಿನಲ್ಲೇ ಬನ್ ತಾತ ಕೈಯಲ್ಲಿದ್ದ ಟ್ರೇಯನ್ನು ನೆಲಕ್ಕಿಟ್ಟುಬಿಟ್ಟ. ಇಟ್ಟ ಅನ್ನುವುದಕ್ಕಿಂತ, ಕೈ ಬಿಟ್ಟೇ ಹೋಯಿತು ಅನ್ನಬೇಕು. ಆಗಷ್ಟೇ ಭಟ್ಟಿಯಿಂದ ತೆಗೆದ ಬನ್ನುಗಳಲ್ಲಿ ಕೆಲವು ಉರುಳಿಕೊಂಡು ಗಿರಾಕಿಗಳ ಕಾಲ ಬುಡಕ್ಕೆ ಹೋದವು. ತಾತ ಗೋಡೆಗೆ ಒರಗಿ, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಬಾಯಿ ತೆರೆದು ಉಸಿರೆಳೆಯತೊಡಗಿದ.

"ಏನಾಯ್ತು ಮಾವ?" ಎಂದು ಸೊಸೆ ಗಲ್ಲಾ ಬಿಟ್ಟು ಓಡಿಬಂದಳು.

ತಾತ ಏನಿಲ್ಲ ಅನ್ನುವಂತೆ ಕೈಯಾಡಿಸಿದ. ಮಾತಿಗೆ ಉಸಿರು ಸಾಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಟ್ರೇ... ಬಿಸಿ ಇತ್ತು," ಅಂದ.

ಟ್ರೇ ಹಿಡಿಯುವ ದಪ್ಪ ಬಟ್ಟೆ ಅವನ ಕೈಯಲ್ಲೇ ಇತ್ತು. ಗಿರಾಕಿಗಳು ಅದನ್ನು ನೋಡಿಯೂ ನೋಡದವರಂತೆ ಬೇರೆ ಕಡೆ ತಿರುಗಿದರು.

ಆ ಬೇಕರಿಯನ್ನು ಕಟ್ಟಿ ನಿಲ್ಲಿಸಿದವನು ಅವನೇ. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಹಿಟ್ಟು ನಾದುವ ಕೋಣೆ, ಅದಕ್ಕೂ ಹಿಂದೆ ಸೌದೆ ಭಟ್ಟಿ, ಮೇಲೆ ಮನೆ. ಪ್ರಾಯದಲ್ಲಿ ಅವನು ಸ್ಕೂಲಿಗೆ ಹೊರಟ ಮಕ್ಕಳ ಕೈಗೆ ಬಿಸಿ ಬನ್ನಿನ ತುಣುಕು ಇಡುತ್ತಿದ್ದ. ಅದರಿಂದಲೇ ಆ ಹೆಸರು. ಈಗ ಭಟ್ಟಿ ನೋಡಿಕೊಳ್ಳುವವನು ಮಗ. ಹಿಟ್ಟು ಜರಡಿ ಹಿಡಿದು, ನಾದಿ, ಉಂಡೆ ಕಟ್ಟುವುದೂ ಆಮೇಲೆ ಗಲ್ಲಾದಲ್ಲಿ ಕೂರುವುದೂ ಸೊಸೆಯ ಕೆಲಸ. ಮೇಲಿನ ಅಡುಗೆಮನೆ ಅಜ್ಜಿಯದು. ಇನ್ನು ಮೊಮ್ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಬಾಯಿ ಜೋರು, ಎಲ್ಲರೂ ಚೂಟಿ ಅಂತ ಕರೆಯುವುದು. ತಾತನನ್ನು ಎದುರಿಗೇ ಬೈಯುವ ಧೈರ್ಯ ಆ ಮನೆಯಲ್ಲಿ ಇದ್ದದ್ದು ಅವಳೊಬ್ಬಳಿಗೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಬನ್ನು ಬಿದ್ದ ಸುದ್ದಿ ಮೇಲಕ್ಕೆ ಬಂದಾಗಿತ್ತು. ತಾತ ಒಂದು ತುತ್ತು ಬಾಯಿಗಿಡುತ್ತಿದ್ದ, ನಿಲ್ಲುತ್ತಿದ್ದ, ಉಸಿರು ಬಿಡುತ್ತಿದ್ದ, ಮತ್ತೆ ತುತ್ತಿಗೆ ಕೈ ಹಾಕುತ್ತಿದ್ದ.

"ತಾತ, ನೀನು ಊಟ ಮಾಡ್ತಿದ್ದೀಯಾ, ಬೆಟ್ಟ ಹತ್ತುತಿದ್ದೀಯಾ?" ಅಂದಳು ಚೂಟಿ.

"ನಾಳೆ ಡಾಕ್ಟ್ರ ಹತ್ರ ಹೋಗಿ ಬನ್ನಿ," ಅಂದಳು ಅಜ್ಜಿ, ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತಾ.

"ಹೋದ್ರೆ ಉಸಿರೆಳೆಯೋ ಪಂಪು ಕೈಗೆ ಕೊಡ್ತಾರೆ. ಒಂದ್ಸಲ ಪಂಪು ಹಿಡಿದೋನು ಮತ್ತೆ ಬಿಟ್ಟಿದ್ದು ನೋಡಿದ್ದೀಯಾ? ಸಾಯೋ ತನಕ ಅದರ ಬಾಲ ಹಿಡ್ಕೊಂಡು ತಿರುಗ್ಬೇಕು."

"ಈಗ ಗೋಡೆ ಹಿಡ್ಕೊಂಡು ತಿರುಗ್ತಿದ್ದೀರಲ್ಲ, ಅದು ಚೆನ್ನಾಗಿದ್ಯಾ?"

ಮಗನೂ ಬಾಯಿ ಹಾಕಿದ. "ಅಪ್ಪ, ಗಿರಾಕಿಗಳ ಮುಂದೆ ಇನ್ನೊಂದ್ಸಲ ಹೀಗಾದ್ರೆ..."

"ಗಿರಾಕಿ ಚಿಂತೆ ನಿನಗೆ. ಅಪ್ಪನ ಚಿಂತೆ ಅಲ್ಲ."

ಅಷ್ಟರಲ್ಲಿ ಸೊಸೆಗೆ ಕೆಮ್ಮು ಬಂತು. ಒಂದಾದ ಮೇಲೊಂದು ಬಂತು. ಅವಳು ಎದ್ದು ಹೋಗಿ ನೀರು ಕುಡಿದಳು. ಮಾತು ತನ್ನ ಮೇಲಿಂದ ಸರಿದದ್ದು ಕಂಡು ತಾತನಿಗೆ ಖುಷಿಯಾಯಿತು.

"ನೀನ್ಯಾಕಮ್ಮ ಕೆಮ್ಮುತೀಯ? ಈ ಮನೇಲಿ ಕೆಮ್ಮೋಕೆ ನಾನೊಬ್ಬ ಸಾಲ್ದಾ? ನೀನೂ ಮಲಗಿಬಿಟ್ರೆ ಬೇಕರಿಗೆ ಬೀಗ ಹಾಕ್ಬೇಕಷ್ಟೆ."

ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. "ಹಿಟ್ಟಿನ ಧೂಳು ಮಾವ," ಅಂದಳು.

ಮರುದಿನ ಹಟ ಹಿಡಿದು ತಾತನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನೋಡುತ್ತಲೇ ತಾತನಿಗೆ ನಂಬಿಕೆ ಅರ್ಧಕ್ಕಿಳಿಯಿತು. ಆಕೆ ಅವನ ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಆದಷ್ಟು ಜೋರಾಗಿ ಊದಿಸಿದರು. ಯಂತ್ರದ ಪರದೆಯಲ್ಲಿ ಗೆರೆಯೊಂದು ಎದ್ದು, ಅರ್ಧಕ್ಕೇ ಸುಸ್ತಾಗಿ ಮಲಗಿತು.

"ಹೊಗೆ ಎಷ್ಟು ವರ್ಷದಿಂದ?" ಅಂತ ಕೇಳಿದರು.

"ಭಟ್ಟೀದಾ, ಸಿಗರೇಟಿಂದಾ?"

"ಎರಡೂ ಉಂಟಾ?"

"ಎರಡೂ ಚಿಕ್ಕಂದಿನಿಂದ್ಲೂ ಜೊತೆಗಿದಾವೆ."

ಡಾಕ್ಟರು ನಗಲಿಲ್ಲ. ಅವನ ಕುರ್ಚಿಯ ಹತ್ತಿರಕ್ಕೆ ತಮ್ಮ ಕುರ್ಚಿ ಎಳೆದುಕೊಂಡು ಬಿಡಿಸಿ ಹೇಳಿದರು. ಹೊಗೆ ಕುಡಿದು ಕುಡಿದು ಎದೆಯೊಳಗಿನ ಕೊಳವೆಗಳು ಇಕ್ಕಟ್ಟಾಗಿವೆ. ಹಾಳಾದದ್ದು ಹಾಳಾಯಿತು, ಅದು ಹಿಂದಕ್ಕೆ ಬರುವುದಿಲ್ಲ. ಆದರೆ ಉಳಿದದ್ದನ್ನು ಚೆನ್ನಾಗಿ ಬಳಸಬಹುದು. ನೀಲಿ ಪಂಪು ತಕ್ಷಣಕ್ಕೆ. ಉಸಿರು ಕಟ್ಟಿದಾಗ ಮಾತ್ರ. ಇನ್ನೊಂದು, ದಿನಕ್ಕೊಂದು ಸಲ ತೆಗೆದುಕೊಳ್ಳುವ ಕ್ಯಾಪ್ಸೂಲು. ಅದರ ಕೆಲಸ ನಿಧಾನ, ಆದರೆ ಇಡೀ ದಿನ ಕೊಳವೆಗಳನ್ನು ಸಡಿಲವಾಗಿ ಇಟ್ಟಿರುತ್ತದೆ.

"ಹುಷಾರಾಗಿದ್ದೀನಿ ಅನ್ನಿಸಿದ ದಿನಾನೂ ತಗೋಬೇಕು ಅಜ್ಜಾ. ಸಿಗರೇಟು ಮಾತ್ರ ಇವತ್ತಿಂದಲೇ ಬಿಡಬೇಕು. ಅದಕ್ಕೆ ಸಮನಾದ ಔಷಧ ನನ್ನ ಹತ್ರ ಇಲ್ಲ."

ಆ ಕ್ಯಾಪ್ಸೂಲನ್ನು ಪುಟ್ಟ ಸಾಧನವೊಂದಕ್ಕೆ ಹಾಕಿ, ತಿರುಗಿಸಿ, ಎಳೆಯುವುದನ್ನು ನರ್ಸ್ ತೋರಿಸುವ ಹೊತ್ತಿಗೆ ಸೊಸೆ ಅಲ್ಲಿರಲಿಲ್ಲ. ನೆಲ ಒರೆಸಿದ ಫಿನಾಯಿಲ್ ವಾಸನೆಗೆ ಕೆಮ್ಮು ಹತ್ತಿ ಅವಳು ಹೊರಗೆ ಹೋಗಿದ್ದಳು. ತಾತ ಎಲ್ಲದಕ್ಕೂ "ಗೊತ್ತಾಯ್ತು, ಗೊತ್ತಾಯ್ತು" ಅಂದ. ಅವನಿಗೆ ಮನೆಗೆ ಹೋದರೆ ಸಾಕಾಗಿತ್ತು.

ಒಂದು ವಾರ ಕಳೆದರೂ ಯಾವ ಬದಲಾವಣೆಯೂ ಕಾಣಲಿಲ್ಲ. ಮೆಟ್ಟಿಲು ಹತ್ತುವಾಗ ಮೊದಲಿನಂತೆಯೇ ನಡುವೆ ಕೂರುತ್ತಿದ್ದ. "ಅಷ್ಟು ದುಡ್ಡು ಸುರಿದು ತಂದ ಔಷಧ! ನಾನು ಮೊದಲೇ ಹೇಳಿದ್ನಲ್ಲ," ಅಂತ ಮೂರು ಹೊತ್ತೂ ಹೇಳುತ್ತಿದ್ದ. ಹೇಳುವಾಗ ಅವನ ಮುಖದಲ್ಲಿ ಗೆದ್ದವನ ಕಳೆ ಇರುತ್ತಿತ್ತು.

ಒಂದು ಬೆಳಿಗ್ಗೆ ಚೂಟಿ ಕಾಲೇಜಿಗೆ ಹೊರಡುತ್ತಾ ಅವನ ಕೋಣೆಯೊಳಗೆ ಇಣುಕಿದಳು. ತಾತ ಕ್ಯಾಪ್ಸೂಲನ್ನು ನಾಲಿಗೆಯ ಮೇಲಿಟ್ಟುಕೊಂಡು ಲೋಟದ ನೀರು ಎತ್ತಿದ.

"ತಾತಾ! ನುಂಗ್ತಿದ್ದೀಯಾ?"

ಗುಟುಕು ಇಳಿದೇಹೋಗಿತ್ತು. "ಮತ್ತೆ ಕ್ಯಾಪ್ಸೂಲನ್ನ ಮೂಸಿ ನೋಡ್ತಾರಾ?"

"ಹೂಂ! ಮೂಸೋದೇ! ಉಸಿರಲ್ಲಿ ಎಳ್ಕೊಳ್ಳೋ ಪುಡಿ ಅದು. ಹೊಟ್ಟೆಗೆ ಹಾಕಿದ್ರೆ ಏನು ಬಂತು? ಮತ್ತೆ ಆ ಸಾಧನ ಏನ್ಮಾಡಿದೆ?"

ಸಾಧನ ಕಿಟಕಿಯ ಮೇಲಿತ್ತು. ಅದರೊಳಗೆ ತಾತನ ಷರಟಿನ ಗುಂಡಿ, ಒಂದು ಸೂಜಿ ಇದ್ದವು.

ಚೂಟಿ ನೆಲದ ಮೇಲೆ ಕೂತು ನಗತೊಡಗಿದಳು. ಅಜ್ಜಿ ಓಡಿಬಂದಳು, ವಿಷಯ ಕೇಳಿ ಅವಳೂ ಬಾಗಿಲ ಚೌಕಟ್ಟು ಹಿಡಿದು ನಕ್ಕಳು. "ವಾರಪೂರ್ತಿ ಹೊಟ್ಟೆಗೆ ಉಸಿರಾಟ ಕಲಿಸಿದ್ದಾರೆ!" ಅಂದಳು. ತಾತನಿಗೆ ಸಿಟ್ಟು ಬಂತು. "ನಗಿ, ನಗಿ. ಆ ನರ್ಸ್ ಹುಡುಗಿ ಗಡಬಡ ತೋರಿಸಿದ್ರೆ ನಾನೇನು ಮಾಡ್ಲಿ?" ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ನಕ್ಕ, ನಗು ಕೆಮ್ಮಿಗೆ ತಿರುಗಿತು, ಕೆಮ್ಮಿನ ನಡುವೆಯೂ ನಕ್ಕ.

ಚೂಟಿ ಅವತ್ತು ಮೊದಲ ಕ್ಲಾಸು ತಪ್ಪಿಸಿ, ಅಂಗಡಿಯಿಂದ ಅಮ್ಮನನ್ನೂ ಕರೆದು, ಸಾಧನದ ಜೊತೆಗಿದ್ದ ಕಾಗದ ಓದಿ ಎಲ್ಲರ ಮುಂದೆ ತಾತನಿಗೆ ಕಲಿಸಿದಳು. ಮೊದಲು ಉಸಿರನ್ನೆಲ್ಲ ಹೊರಗೆ ಬಿಡು. ಆಮೇಲೆ ತುಟಿ ಬಿಗಿ ಮಾಡಿ ಎಳಿ. ಒಳಗೆ ಕ್ಯಾಪ್ಸೂಲು ಗಿರ್ರಂತ ತಿರುಗೋ ಸದ್ದು ಕೇಳಬೇಕು. ಕೇಳಿತಾ? ಈಗ ಉಸಿರು ಹಿಡಿ. ಮಾತಾಡಬೇಡ! ತಾತ ಕಣ್ಣು ಬಿಟ್ಟುಕೊಂಡು ಕೂತಿದ್ದ. ತಾತನ ಬಾಯಿ ಯಾರಾದರೂ ಮುಚ್ಚಿಸಿದ್ದನ್ನು ತನ್ನ ಜೀವಮಾನದಲ್ಲಿ ಕಂಡದ್ದು ಇದೇ ಮೊದಲು ಅಂತ ಅಜ್ಜಿ ಅಂದಳು.

ಅಲ್ಲಿಂದ ದಿನಗಳು ಬೇರೆಯಾದವು. ಒಮ್ಮೆಲೇ ಅಲ್ಲ. ಮೊದಲು ಅವನು ಸ್ನಾನ ಮುಗಿಸಿ ಕೂರದೆ ನೇರ ತಿಂಡಿಗೆ ಬಂದ. ಇನ್ನೊಂದು ದಿನ ಬೂಟಿನ ದಾರ ಕಟ್ಟಿಕೊಳ್ಳುತ್ತಲೇ ಅಜ್ಜಿಯ ಜೊತೆ ಜಗಳವಾಡಿದ. ಎರಡೂ ಒಟ್ಟಿಗೆ ಮಾಡಿದ್ದನ್ನು ಅಜ್ಜಿ ಗಮನಿಸಿದಳು, ಜಗಳ ಬಿಟ್ಟು ಸುಮ್ಮನೆ ಅವನನ್ನೇ ನೋಡಿದಳು. ಸಿಗರೇಟಿನ ಕಡೆಯ ಪೊಟ್ಟಣವನ್ನು ಅವನೇ ಭಟ್ಟಿಗೆ ಎಸೆದ. ಆಮೇಲೆ ನಾಲ್ಕಾರು ದಿನ ಮನೆಯವರನ್ನೆಲ್ಲ ಕಾರಣವಿಲ್ಲದೆ ಬೈದ. ಯಾರೂ ತಿರುಗಿ ಮಾತಾಡಲಿಲ್ಲ.

ಇದನ್ನೆಲ್ಲ ಸೊಸೆ ನೋಡುತ್ತಿದ್ದಳು.

ಹಿಟ್ಟಿನ ಮೂಟೆ ಬಿಚ್ಚಿದಾಗಲೆಲ್ಲ ಅವಳ ಎದೆಗೆ ಯಾರೋ ಹಗ್ಗ ಬಿಗಿದಂತಾಗುತ್ತಿತ್ತು. ಬೆಳಗಿನ ಜಾವ ಉಸಿರಿನಲ್ಲಿ ಸಿಳ್ಳೆ ಕೇಳುತ್ತಿತ್ತು. ವರ್ಷಗಳಿಂದ ಹೀಗೇ. ಅವಳ ತಾಯಿಗೆ ಉಬ್ಬಸವಿತ್ತು. ಕಿಟಕಿಯ ಸರಳು ಹಿಡಿದು ಕೂತೇ ನಿದ್ದೆ ಮಾಡುತ್ತಿದ್ದಳು, ಹಾಗೆ ಕೂತೇ ತೀರಿಕೊಂಡಳು. ಮದುವೆಯ ಮಾತು ನಡೆದಾಗ ಆ ಸಂಗತಿಯನ್ನು ಯಾರೂ ಎತ್ತಲಿಲ್ಲ. ಆಮೇಲೆ ಎತ್ತಲು ಅವಳಿಗೂ ಬಾಯಿ ಬರಲಿಲ್ಲ. ನೀನೂ ಮಲಗಿದರೆ ಬೇಕರಿಗೆ ಬೀಗ ಅನ್ನುವ ಮಾತಿಗೆ ಅವತ್ತು ಎಲ್ಲರ ಜೊತೆ ನಕ್ಕಿದ್ದಳು ನಿಜ. ಆದರೆ ಆ ಮಾತಿನಲ್ಲಿ ಸುಳ್ಳಿರಲಿಲ್ಲವಲ್ಲ.

ಮಾವ ಸ್ನಾನಕ್ಕೆ ಹೋದ ಒಂದು ಬೆಳಿಗ್ಗೆ ಅವಳು ಅವನ ಡಬ್ಬಿಯಿಂದ ಒಂದು ಕ್ಯಾಪ್ಸೂಲು ತೆಗೆದು, ಸಾಧನಕ್ಕೆ ಹಾಕಿ, ಮಗಳು ಕಲಿಸಿದ ಹಾಗೆಯೇ ಎಳೆದಳು. ಅವತ್ತು ಮೆಟ್ಟಿಲು ಹಗುರಾದಂತೆ ಅನ್ನಿಸಿತು. ಮರುದಿನವೂ ತೆಗೆದುಕೊಂಡಳು. ಅದರ ಮರುದಿನವೂ. ಸಾಧನವನ್ನು ಒರೆಸಿ ಇದ್ದ ಜಾಗದಲ್ಲೇ ಇಡುತ್ತಿದ್ದಳು.

ತಿಂಗಳು ತುಂಬುವ ಮೊದಲೇ ಡಬ್ಬಿ ಖಾಲಿಯಾಯಿತು.

"ಔಷಧಿ ಅಂಗಡಿಯವನು ಮೋಸ ಮಾಡಿದ್ದಾನೆ," ಅಂದ ತಾತ.

"ಮುಚ್ಚಿದ ಡಬ್ಬಿ ಕೊಟ್ಟಿದ್ದಲ್ಲವೇನ್ರೀ? ನೀವೇ ಮರೆತು ಎರಡೆರಡು ಎಳ್ಕೊಂಡಿರ್ತೀರ," ಅಂದಳು ಅಜ್ಜಿ.

"ನನಗೇನು ಅರವತ್ತಾ?" ಎಂದ ತಾತ. ಅವನಿಗೆ ಅರವತ್ತಾಗಿ ಬಹಳ ಕಾಲವಾಗಿತ್ತು.

"ಚೂಟಿ ಗೆಳತಿಯರಿಗೆ ತೋರಿಸೋಕೆ ತೆಗೆದಿರ್ತಾಳೆ," ಅಂದ ಮಗ. ಅದೂ ಇರಬಹುದು ಅಂತ ತಾತನೂ ತಲೆಯಾಡಿಸಿದ.

"ಅಪ್ಪಾ! ನಾನು ಕಲಿಸಿದ್ದಕ್ಕೆ ಇದು ಬಹುಮಾನವಾ?" ಚೂಟಿ ತಟ್ಟೆ ಸರಿಸಿ ಎದ್ದುಹೋದಳು. ತಾತ ಔಷಧಿ ಅಂಗಡಿಗೆ ಹೋಗಿ ಜಗಳವಾಡಿ ಬಂದ. ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಹೇಳಿಬಿಡಬೇಕು ಅಂತ ತಿರುಗಿದಳು. ಅಷ್ಟರಲ್ಲಿ ಕೆಳಗಿನಿಂದ ಗಿರಾಕಿ ಕೂಗಿದ.

ಹೊಸ ಡಬ್ಬಿ ಬಂತು. ತಾತ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡ. ಸೊಸೆಗೆ ಆಮೇಲೆ ಒಂದೂ ಸಿಗಲಿಲ್ಲ.

ಹಾಸ್ಟೆಲ್ ಒಂದರಿಂದ ಬ್ರೆಡ್ಡಿಗೆ ದೊಡ್ಡ ಆರ್ಡರು ಬಂದ ದಿನ ಅದು. ಮಧ್ಯಾಹ್ನದ ಹೊತ್ತು. ಸೊಸೆ ಬೆಳಗಿನಿಂದ ಎರಡನೇ ಮೂಟೆಯನ್ನು ಜರಡಿಗೆ ಸುರಿಯುತ್ತಿದ್ದಳು. ಹಿಟ್ಟಿನ ಧೂಳು ಕಿಟಕಿಯ ಬಿಸಿಲಿನಲ್ಲಿ ಹೊಗೆಯಂತೆ ಎದ್ದಿತ್ತು. ಬೆಳಗಿನಿಂದಲೇ ಎದೆ ಬಿಗಿದಿತ್ತು, ಈ ಮೂಟೆ ಮುಗಿಸಿ ಸ್ವಲ್ಪ ಕೂರುತ್ತೇನೆ ಅಂದುಕೊಂಡಳು. ಮೂಟೆ ಮುಗಿಯಲಿಲ್ಲ.

ರಸ್ಕ್ ಜೋಡಿಸಲು ಕೆಳಗಿಳಿದಿದ್ದ ತಾತನಿಗೆ ಮೊದಲು ಜರಡಿ ಬಿದ್ದ ಸದ್ದು ಕೇಳಿತು. ಆಮೇಲೆ ಇನ್ನೊಂದು ಸದ್ದು ಕೇಳಿತು. ಆ ಸದ್ದಿನ ಪರಿಚಯ ಅವನಿಗೆ ಚೆನ್ನಾಗಿತ್ತು.

ಸೊಸೆ ಮೂಟೆಯನ್ನು ತಬ್ಬಿಕೊಂಡು ನೆಲದಲ್ಲಿ ಕೂತಿದ್ದಳು. ಭುಜಗಳು ಕಿವಿಯವರೆಗೆ ಏರಿದ್ದವು. ತುಟಿ ಬಿಳುಪೇರಿತ್ತು. ಏನೋ ಹೇಳಲು ಬಾಯಿ ತೆರೆದಳು, ಬರಿಯ ಸಿಳ್ಳೆ ಬಂತು.

"ಮಾತಾಡ್ಬೇಡ," ಅಂದ ತಾತ. ಅವಳ ತೋಳು ಹಿಡಿದು ಧೂಳಿನಿಂದಾಚೆ, ಅಂಗಡಿಯ ಬಾಗಿಲ ಗಾಳಿಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿದ. "ಮುಂದಕ್ಕೆ ಬಾಗು. ಕೈ ಮೊಣಕಾಲ ಮೇಲಿಡು. ಹಾಂ, ಹಾಗೆ." ಜೇಬಿನಿಂದ ನೀಲಿ ಪಂಪು ತೆಗೆದು ಕುಲುಕಿದ. "ಉಸಿರು ಬಿಡು. ಇನ್ನೂ ಬಿಡು. ನಾನು ಒತ್ತಿದಾಗ ನಿಧಾನಕ್ಕೆ ಎಳಿ. ಹಿಡ್ಕೋ. ಸಾಕು, ಬಿಡು." ಸ್ವಲ್ಪ ತಡೆದು ಮತ್ತೆ ಒತ್ತಿದ. ಮತ್ತೆ. "ಏಯ್, ವ್ಯಾನು ತೆಗೆಯೋ!" ಎಂದು ಮಗನನ್ನು ಕೂಗಿದ. ಆ ಕೂಗು ಬೀದಿಯ ಆ ತುದಿಯವರೆಗೆ ಕೇಳಿಸಿತು. ಹಾಗೆ ಕೂಗಲು ತನ್ನಲ್ಲಿ ಉಸಿರಿತ್ತು ಅನ್ನುವುದು ಅವನಿಗೇ ಆಮೇಲೆ ಹೊಳೆಯಿತು.

ಬ್ರೆಡ್ಡು ಹಂಚುವ ವ್ಯಾನಿನಲ್ಲಿ, ಖಾಲಿ ಟ್ರೇಗಳ ನಡುವೆ ಅವಳನ್ನು ಕೂರಿಸಿಕೊಂಡು ಹೋದರು. ದಾರಿಯುದ್ದಕ್ಕೂ ತಾತ ಅವಳ ಬೆನ್ನ ಮೇಲೆ ಕೈ ಇಟ್ಟಿದ್ದ. "ಇದು ಹೋಗುತ್ತೆ. ನನಗೆ ಗೊತ್ತು ಇದು. ಹೋಗುತ್ತೆ," ಅಂತ ಅದನ್ನೇ ಹೇಳುತ್ತಿದ್ದ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಔಷಧದ ಆವಿ ಕೊಟ್ಟರು, ಕೈಗೆ ಸೂಜಿ ಹಾಕಿದರು. ಸಂಜೆಯ ಹೊತ್ತಿಗೆ ಅವಳು ದಿಂಬಿಗೊರಗಿ ಒಂದು ಪೂರ್ತಿ ವಾಕ್ಯ ಹೇಳುವಷ್ಟಾದಳು. ಆ ವಾಕ್ಯವನ್ನು, ಯಾವುದಾದರೂ ಔಷಧ ತಗೋತಿದ್ರಾ ಅನ್ನುವ ಡಾಕ್ಟರ ಪ್ರಶ್ನೆಗೆ ಖರ್ಚು ಮಾಡಿದಳು.

"ಮಾವನವರ ಕ್ಯಾಪ್ಸೂಲು ಕದ್ದು ತಗೋತಿದ್ದೆ ಡಾಕ್ಟ್ರೇ."

ಮಂಚದ ಸುತ್ತ ನಿಂತವರು ತಾತನ ಮುಖ ನೋಡಿದರು. ಡಾಕ್ಟರು ಮಾತ್ರ ತಲೆಯಾಡಿಸಿದರು. ಇಂಥದ್ದನ್ನು ಕೇಳಿದ್ದು ಅವರಿಗೆ ಇದೇ ಮೊದಲಲ್ಲ ಅನ್ನುವಂತಿತ್ತು.

"ನಿಮ್ಮ ಮಾವನದು ಬೇರೆ ಕಾಯಿಲೆ, ನಿಮ್ಮದು ಬೇರೆ. ನಿಮ್ಮದು ಆಸ್ತಮಾ. ಹಿಟ್ಟಿನ ಧೂಳು ತಾಗಿದಾಗ ಕೊಳವೆಗಳ ಒಳಗೋಡೆ ಊದಿಕೊಳ್ಳುತ್ತೆ. ಕೊಳವೆ ಸಡಿಲ ಮಾಡೋ ಔಷಧ ಒಂದನ್ನೇ ತಗೊಂಡ್ರೆ ಹಾಯಾಗಿದೆ ಅನ್ನಿಸುತ್ತೆ, ಊತ ಮಾತ್ರ ಒಳಗೆ ಬೆಳೀತಾನೇ ಇರುತ್ತೆ. ಒಂದು ದಿನ ಹೀಗೆ ಹಿಡ್ಕೊಳ್ಳುತ್ತೆ. ನಿಮಗೆ ಊತ ಇಳಿಸೋ ಔಷಧವೂ ಬೇಕು, ದಿನವಿಡೀ ಕೊಳವೆ ತೆರೆದಿಡೋದೂ ಬೇಕು. ಎರಡೂ ಸೇರಿರೋ ಪಂಪು ಕೊಡ್ತೀನಿ. ಎಳ್ಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಹುಷಾರಾದೆ ಅಂತ ನೀವಾಗೇ ಬಿಡಬಾರದು."

"ಅದು ಹಾಕಿದ್ರೆ ನನ್ನ ಅಮ್ಮನ ಥರ ಆಗಲ್ವಾ?" ಅಂತ ಕೇಳಿದಳು ಸೊಸೆ. ಎಲ್ಲರೂ ಇರುವಾಗಲೇ ಅಮ್ಮನ ಕಥೆಯನ್ನೂ ಹೇಳಿದಳು, ಕಿಟಕಿಯ ಸರಳಿನದ್ದನ್ನೂ.

"ಆಗ ಅವರಿಗೆ ಸರಿಯಾದ ಔಷಧ ಸಿಕ್ಕಿರ್ಲಿಲ್ಲ. ನಿಮಗೆ ಸಿಗ್ತಿದೆ," ಅಂದರು ಡಾಕ್ಟರು.

ಅವರು ಅತ್ತ ಹೋದ ಮೇಲೆ ಮಗನಿಗೆ ಸಿಟ್ಟು ಬಂತು. "ಇಷ್ಟು ವರ್ಷ ನನ್ನ ಹತ್ರ ಒಂದು ಮಾತು ಹೇಳೋಕಾಗ್ಲಿಲ್ವಾ? ನಾನೇನು ಹೊರಗಿನೋನಾ?"

"ನೀವು ಕೇಳಿದ್ರಾ?" ಅಂದಳು ಅವಳು, ಮೆಲ್ಲಗೆ. "ಒಂದೇ ಗೋಡೆ ಆಚೆ ಇರ್ತಿದ್ರಿ. ದಿನಾ ಕೆಮ್ಮು ಕೇಳಿಸ್ತಿತ್ತು."

ಅವನು ಮಂಚದ ತುದಿಯಲ್ಲಿ ಕೂತು ಅವಳ ಪಾದದ ಮೇಲೆ ಹೊದಿಕೆ ಸರಿಮಾಡಿದ.

ತಾತ ಕಿಟಕಿಯ ಕಡೆ ತಿರುಗಿದ್ದ. ಅವನಿಗೆ ಎಷ್ಟು ಸಿಟ್ಟು ಬರಬಹುದು ಅಂತ ಅಜ್ಜಿ ಹೆದರಿದ್ದಳು. ಅವನು ತಿರುಗಿ ಹೇಳಿದ್ದು ಇಷ್ಟೇ: "ಆ ಔಷಧಿ ಅಂಗಡಿಯವನ ಹತ್ರ ಹೋಗಿ ತಪ್ಪಾಯ್ತು ಅನ್ಬೇಕು. ಚೂಟಿ ಹತ್ರಾನೂ." ಆಮೇಲೆ, "ಬೀಗ ಹಾಕ್ಬೇಕು ಅಂತ ನಾನೇ ಅಂದಿದ್ದೆ. ನಗೋಕೆ ಅಂದಿದ್ದು ಕಣಮ್ಮ. ಬೇಕರಿ ಹೋದ್ರೆ ಇನ್ನೊಂದು ಹಾಕ್ಬಹುದು," ಅಂದ.

ಸೊಸೆ ಮುಖವನ್ನು ದಿಂಬಿನತ್ತ ತಿರುಗಿಸಿದಳು. ಅತ್ತರೆ ಉಸಿರು ಕಟ್ಟುತ್ತೆ ಅಂತ ಅಜ್ಜಿ ಗದರಿದಳು. ಗದರುತ್ತಾ ತಾನೇ ಅತ್ತಳು.

ಬೇಕರಿ ಮುಚ್ಚಲಿಲ್ಲ. ಆದರೆ ಸೊಸೆ ಇನ್ನು ಹಿಟ್ಟಿನ ಧೂಳಿನಿಂದ ದೂರ ಇರಬೇಕು ಅಂದಿದ್ದರು ಡಾಕ್ಟರು. ಹಾಗಾದರೆ ನಾದುವವರು ಯಾರು? ಮಗನಿಗೆ ಭಟ್ಟಿ ಗೊತ್ತು, ಹಿಟ್ಟು ಗೊತ್ತಿಲ್ಲ. ತಾತ ಧೂಳಿನೊಳಗೆ ಹೋಗುವಂತಿಲ್ಲ. ಒಂದು ಸಂಜೆಯೆಲ್ಲ ಅದೇ ಮಾತು, ಬಾಯಿಗೆ ಬಾಯಿ, ಅಜ್ಜಿ ಮಾಡಿಟ್ಟ ಗಂಜಿ ಆರಿ ಗಟ್ಟಿಯಾಯಿತು. ಕಡೆಗೆ ಸೊಸೆಯೇ ದಾರಿ ಹೇಳಿದಳು. ಉಂಡೆ ಕಟ್ಟುವುದು, ಅಚ್ಚಿಗೆ ಹಾಕುವುದು ಹಿಟ್ಟು ಒದ್ದೆಯಾದ ಮೇಲಿನ ಕೆಲಸ, ಗಲ್ಲಾದ ಪಕ್ಕದ ಮೇಜಿನ ಮೇಲೆ ತಾನು ಮಾಡುತ್ತೇನೆ. ಜರಡಿ ಮತ್ತು ನಾದುವುದು ಗಂಡನದು. ಭಟ್ಟಿಗೆ ಒಬ್ಬ ಆಳು ಬರಲಿ.

"ನನಗೆ ಬರಲ್ಲ," ಅಂದ ಮಗ.

"ನನಗೂ ಹುಟ್ಟುವಾಗ ಬರ್ತಿರ್ಲಿಲ್ಲ," ಅಂದಳು ಅವಳು.

ಹೀಗೆ ಮಗ ಮೂಗಿಗೆ ಮಾಸ್ಕು ಕಟ್ಟಿಕೊಂಡು ಹಿಟ್ಟಿಗೆ ಕೈ ಹಾಕಿದ. ನಾದುವ ಕೋಣೆಯ ಗೋಡೆ ಒಡೆಸಿ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನು ಕೂರಿಸಿದರು. ಪೊರಕೆಯ ಬದಲು ಒದ್ದೆ ಬಟ್ಟೆ ಬಂತು. ಮಗ ಕಲಸಿದ ಮೊದಲ ಹಿಟ್ಟು ಗಾರೆಯ ಹಾಗಿತ್ತು, ಎರಡನೆಯದು ಗೋಂದಿನ ಹಾಗೆ. ಸೊಸೆ ಆಚೆ ಬಾಗಿಲಲ್ಲಿ ನಿಂತು ಕೂಗಿ ಹೇಳುತ್ತಿದ್ದಳು, "ನೀರು ಒಮ್ಮೆಲೇ ಸುರೀಬೇಡಿ! ಅಂಗೈಯಿಂದ ನೂಕಿ, ಬೆರಳಿಂದ ಅಲ್ಲ!" ಅವಳ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡ ತಾತ ಅವಳಿಗಿಂತ ಜೋರಾಗಿ ಕೂಗುತ್ತಿದ್ದ. ಇಬ್ಬರ ಮಾತೂ ಒಟ್ಟಿಗೆ ಬೀಳುತ್ತಿತ್ತು.

"ಉಸಿರಿಲ್ಲದೋರು ಇಬ್ಬರು ಸೇರಿ ಉಸಿರಿರೋ ಒಬ್ಬನನ್ನ ಕೊಲ್ತಿದ್ದೀರಲ್ಲ!" ಅಂದ ಮಗ.

ಆ ದಿನಗಳ ಬ್ರೆಡ್ಡು ಅಷ್ಟೇನೂ ಚೆನ್ನಾಗಿರಲಿಲ್ಲ. ಗಿರಾಕಿಗಳು ಒಂದಿಷ್ಟು ಗೊಣಗಿ, ಕೊಂಡುಕೊಂಡು ಹೋದರು. ಔಷಧಿ ಅಂಗಡಿಯವನು ತಾತ ಹೊತ್ತು ತಂದ ಕೇಕನ್ನು ತೆಗೆದುಕೊಂಡು, ಆಮೇಲೆ ಎರಡು ದಿನ ಬಿಗುವಾಗಿಯೇ ಇದ್ದ. ಚೂಟಿಯ ಮುನಿಸು ಇಳಿಸಲು ತಾತ ಅವಳ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. "ಇನ್ನೂ ಸ್ವಲ್ಪ ಬಗ್ಗು," ಅಂದಳಂತೆ ಅವಳು.

ಕೆಲವು ವಾರಗಳ ಮೇಲೆ ಮಾವ ಸೊಸೆ ಇಬ್ಬರನ್ನೂ ಡಾಕ್ಟರು ಮತ್ತೆ ಕರೆದಿದ್ದರು. ಇಬ್ಬರೂ ಊದಿದರು. ತಾತನ ಗೆರೆ ಮೊದಲಿಗಿಂತ ಕೂದಲೆಳೆಯಷ್ಟು ಮೇಲಿತ್ತು.

"ಇಷ್ಟೇನಾ?" ಅಂದ ತಾತ.

"ಇದು ಇಷ್ಟೇ ಅಜ್ಜಾ. ಆದ್ರೆ ನೀವು ಹೇಗಿದ್ದೀರ?"

ತಾತ ಯೋಚಿಸಿದ. "ಮೆಟ್ಟಿಲು ಹತ್ತಿದ್ರೆ ಮೇಲೆ ಮನೆ ಇದೆ ಅಂತ ಖುಷಿ ಆಗುತ್ತೆ. ಮೊದಲು ಬೇಜಾರಾಗ್ತಿತ್ತು."

"ಹಾಗಾದ್ರೆ ಔಷಧ ಕೆಲಸ ಮಾಡ್ತಿದೆ."

ಸೊಸೆಯ ಗೆರೆ ಪರದೆಯ ಮೇಲೆ ಬೇರೆಯೇ ಥರ ಎದ್ದಿತು. ಡಾಕ್ಟರು ಅದನ್ನೂ ಆಸ್ಪತ್ರೆಯಿಂದ ಬಿಡುವಾಗ ಊದಿಸಿದ್ದ ಹಳೆಯದನ್ನೂ ಪಕ್ಕಪಕ್ಕ ಹಿಡಿದು ತೋರಿಸಿದರು. ತಾತ ಕನ್ನಡಕ ಏರಿಸಿ, ಹತ್ತಿರ ಬಗ್ಗಿ, ತನ್ನದನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡಿದ. "ನೋಡಮ್ಮ, ಎಷ್ಟೆತ್ತರ!" ಅಂತ ಮೂರು ಸಲ ಅಂದ. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಡಾಕ್ಟರಿಗೆ ಎರಡೂ ಕೈ ಜೋಡಿಸಿದ. "ನೀವು ಚಿಕ್ಕೋರು ಅಂತ ನಾನು ಮೊದಲು ನಂಬಿರ್ಲಿಲ್ಲ," ಅಂದ. ಡಾಕ್ಟರು ಈ ಸಲ ನಕ್ಕರು.

ವ್ಯಾನಿಗೆ ಕಾಯದೆ ನಡೆದೇ ಹೋಗೋಣ ಅಂದವನು ತಾತನೇ. ಆಸ್ಪತ್ರೆಯಿಂದ ಬೇಕರಿಯ ಬೀದಿಗೆ ಒಂದು ಏರು. ಅರ್ಧ ಹತ್ತಿದ ಮೇಲೆ ತಾತ ಒಂದು ಮನೆಯ ಕಾಂಪೌಂಡು ಗೋಡೆಗೆ ಕೈ ಊರಿ ನಿಂತ. ಸೊಸೆಯೂ ನಿಂತಳು.

"ನಿನಗೂ ಏದುಸಿರು ಬಂತಾ?"

"ಇಲ್ಲ ಮಾವ. ನಿಮಗೋಸ್ಕರ ನಿಂತೆ."

"ಮೊದಲೆಲ್ಲ ಈ ಏರಲ್ಲಿ ನಿಂತು ನಿಂತು ಚಪ್ಪಲಿ ಸರಿಮಾಡ್ಕೊಳ್ಳೋಳು ನೀನು. ಎಂಥ ಚಪ್ಪಲಿ ಕೊಡಿಸಿದ್ದಾನಪ್ಪಾ ನನ್ನ ಮಗ ಅಂತ ಅಂದ್ಕೋತಿದ್ದೆ."

ಅವಳು ನಕ್ಕಳು. ಆಮೇಲೆ, ಎಷ್ಟೋ ದಿನದಿಂದ ಹೇಳಬೇಕೆಂದಿದ್ದದ್ದನ್ನು ಗೋಡೆಯ ಕಡೆ ನೋಡುತ್ತಾ ಹೇಳಿದಳು. "ಮಾವ, ಅವತ್ತು ನೀವು ಇಲ್ದೇ ಹೋಗಿದ್ರೆ..."

"ನಾನು ಇದ್ದೆನಲ್ಲ," ಅಂದ ತಾತ. "ನೀನು ಹಟ ಹಿಡಿದು ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗದಿದ್ರೆ ನಾನೆಲ್ಲಿ ಇರ್ತಿದ್ದೆ? ಲೆಕ್ಕ ಹಾಕೋಕೆ ಹೋಗ್ಬೇಡ. ನಮ್ಮಿಬ್ಬರದೂ ಕೂಡಿ ಹೋಗಿದೆ."

ಏರಿನ ತುದಿಯಿಂದ ಬ್ರೆಡ್ಡಿನ ವಾಸನೆ ಬಂತು. ಇಬ್ಬರೂ ಮೂಗು ತುಂಬ ಎಳೆದುಕೊಂಡರು, ನಿಧಾನವಾಗಿ, ಪೂರ್ತಿ. ತಾತ ಹುಬ್ಬೇರಿಸಿದ.

"ಸ್ವಲ್ಪ ಸೀದಿದೆ."

"ಸ್ವಲ್ಪವೇ," ಅಂದಳು ಸೊಸೆ.

"ನಡಿ, ಬೈಯೋಣ," ಅಂತ ತಾತ ಗೋಡೆಯಿಂದ ಕೈ ತೆಗೆದು ಮುಂದಕ್ಕೆ ಹೆಜ್ಜೆ ಹಾಕಿದ.